ಮುಕ್ಕಾಲು ಎಂಬ ಪದದಿಂದ ಭಿನ್ನರಾಶಿಗೆ

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೇ ತರಗತಿಗಳಿಗೆ ಗಣಿತ ಕಲಿಸುತ್ತೇನೆ. ಭಿನ್ನರಾಶಿಯ ಪಾಠಕ್ಕೆ ಬಂದಾಗಲೆಲ್ಲ 1/3 ಮತ್ತು 1/4ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಹೆಚ್ಚಿನ ಮಕ್ಕಳು 1/4 ಎನ್ನುತ್ತಾರೆ. "ಮೂರಕ್ಕಿಂತ ನಾಕು ದೊಡ್ಡದೈತಲ್ರೀ ಸರ್" ಎಂಬುದು ಅವರು ಕೊಡುವ ಕಾರಣ. ಇದೇ ಮಕ್ಕಳು ಅಂಗಡಿಯಿಂದ ಕಾಲು ಕೆಜಿ ಸಕ್ಕರೆ, ಅರ್ಧ ಕೆಜಿ ಬೆಲ್ಲ ತರುವವರು; ಕಾಲಿಗಿಂತ ಅರ್ಧ ಹೆಚ್ಚೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತೊಡಕು ಇರುವುದು ಮಕ್ಕಳ ತಿಳಿವಿನಲ್ಲಲ್ಲ, ನಾವು ಆ ಬರಹವನ್ನು ಓದಿಸುವ ಬಗೆಯಲ್ಲಿ ಎಂದು ನನಗೆ ಮನವರಿಕೆಯಾಗಲು ಕೆಲವು ವರ್ಷಗಳೇ ಹಿಡಿದವು. 3/4 ಅನ್ನು 'ಮೂರು ಬೈ ನಾಲ್ಕು' ಎಂದು ಓದಿಸಿದರೆ ಮಗುವಿನ ಕಿವಿಗೆ ಬೀಳುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಖ್ಯೆಗಳು.

ಮುಕ್ಕಾಲು ಎಂಬ ಪದದಲ್ಲಿ ಈ ಗೊಂದಲಕ್ಕೆ ಎಡೆಯೇ ಇಲ್ಲ. ಮೂರು ಕಾಲುಗಳು ಸೇರಿ ಮುಕ್ಕಾಲು: ಎಣಿಸುತ್ತಿರುವುದು ಕಾಲುಗಳನ್ನು, ಎಣಿಕೆ ಮೂರು. ಛೇದವು ಭಾಗದ ಹೆಸರನ್ನು ಹೇಳುತ್ತದೆ, ಅಂಶವು ಅಂಥ ಭಾಗಗಳು ಎಷ್ಟೆಂದು ಹೇಳುತ್ತದೆ ಎಂಬ ಇಡೀ ಪಾಠವನ್ನು ನಮ್ಮ ಭಾಷೆ ಒಂದೇ ಪದದಲ್ಲಿ ಅಡಗಿಸಿಟ್ಟಿದೆ. ಆದ್ದರಿಂದ ಈಗ ಮೊದಲ ವಾರ ನಾನು ಹಲಗೆಯ ಮೇಲೆ ಅಡ್ಡಗೆರೆ ಎಳೆಯುವುದೇ ಇಲ್ಲ. ಮಕ್ಕಳು 'ಎರಡು ಮೂರನೆಯ ಭಾಗ', 'ಮೂರು ಐದನೆಯ ಭಾಗ' ಎಂದು ಅಕ್ಷರಗಳಲ್ಲೇ ಬರೆಯುತ್ತಾರೆ.

ರೊಟ್ಟಿಯಿಂದ ಆರಂಭಿಸುವುದು ನಮ್ಮ ಸೀಮೆಯಲ್ಲಿ ಸಹಜ, ಆದರೆ ಯಾವ ರೊಟ್ಟಿ ಎಂಬುದು ಮುಖ್ಯ. ಖಡಕ್ ರೊಟ್ಟಿಯನ್ನು ಮುರಿದರೆ ನಾಲ್ಕು ಚೂರುಗಳಾಗಬಹುದು, ಆದರೆ ಅವು ಸಮವಾಗಿರುವುದಿಲ್ಲ; ಅವುಗಳಲ್ಲಿ ಒಂದನ್ನು ಕಾಲು ರೊಟ್ಟಿ ಎನ್ನಬಹುದೇ ಎಂದು ಕೇಳಿ, ಮಕ್ಕಳು ತಮ್ಮತಮ್ಮಲ್ಲೇ ವಾದಿಸಲು ಬಿಡಬೇಕು. ಆಗಷ್ಟೇ ತಟ್ಟಿ ಬೇಯಿಸಿದ ಮೆತ್ತನೆಯ ಜೋಳದ ರೊಟ್ಟಿ ಮಡಚಿದಂತೆ ಅರ್ಧ, ಕಾಲು, ಅರೆಕಾಲು ಆಗುತ್ತದೆ. ಆದರೆ ಅದೂ ಮೂರು ಸಮಪಾಲಿಗೆ ಸುಲಭವಾಗಿ ಒಗ್ಗುವುದಿಲ್ಲ. ವೃತ್ತದ ಚಿತ್ರಗಳಲ್ಲೇ ತಿಂಗಳುಗಟ್ಟಲೆ ಉಳಿದುಬಿಡುವುದು ಸರಿಯಲ್ಲವೆಂಬ ನನ್ನ ಅಭಿಪ್ರಾಯಕ್ಕೆ ಇದೂ ಒಂದು ಕಾರಣ.

ಅಲ್ಲಿಂದ ಮುಂದೆ ನಾನು 24 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಗಳನ್ನು ಕೊಡುತ್ತೇನೆ. ಅದರ ಅರ್ಧ 12, ಮೂರನೆಯ ಒಂದು ಭಾಗ 8, ಕಾಲು 6, ಆರನೆಯ ಒಂದು ಭಾಗ 4; ಯಾವುದಕ್ಕೂ ಶೇಷ ಉಳಿಯುವುದಿಲ್ಲ. ಎಲ್ಲರ ಪಟ್ಟಿಯೂ ಒಂದೇ ಉದ್ದವಾಗಿರುವುದರಿಂದ, ಹೋಲಿಸುವಾಗ ಪೂರ್ಣವು ಒಂದೇ ಆಗಿರಬೇಕು ಎಂಬ ಮಾತೂ ಕೈಯಲ್ಲೇ ಇರುತ್ತದೆ. ಪಾಲುಗಳು ಹೆಚ್ಚಿದಷ್ಟೂ ತುಂಡು ಗಿಡ್ಡವಾಗುವುದನ್ನು ಕಂಡ ಮೇಲೆ 1/4 ದೊಡ್ಡದೆನ್ನುವ ಮಕ್ಕಳು ವಿರಳ. 1/2 ಮತ್ತು 1/3 ಕೂಡಿಸಿ 2/5 ಎಂದು ಬರೆದವರಿಗೂ ನಾನು ತಪ್ಪೆಂದು ಗೀಟು ಹಾಕುವುದಿಲ್ಲ, ಪಟ್ಟಿಗಳನ್ನು ಜೋಡಿಸಲು ಹೇಳುತ್ತೇನೆ. 12 ಮತ್ತು 8 ಸೇರಿ 20 ಆಗುತ್ತದೆ. ಐದರಲ್ಲಿ ಎರಡು ಭಾಗವಾದರೋ 10 ಸೆಂಟಿಮೀಟರನ್ನೂ ಮುಟ್ಟದು. ಅರ್ಧಕ್ಕೆ ಇನ್ನಷ್ಟು ಕೂಡಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದುಂಟೇ ಎಂದು ಅವರೇ ಕೇಳಿಕೊಳ್ಳುತ್ತಾರೆ. ಉಳಿದ 4 ಸೆಂಟಿಮೀಟರಿಗೆ ಆರನೆಯ ಒಂದು ಭಾಗ ಸರಿಯಾಗಿ ಕೂರುತ್ತದೆ. ಹೀಗೆ ಒಂದನ್ನು 1/2, 1/3, 1/6ರಂಥ ಭಾಗಗಳ ಮೊತ್ತವಾಗಿ ಒಡೆಯುವ ನಿಯಮವನ್ನು 9ನೇ ಶತಮಾನದಲ್ಲಿಯೇ ಗಣಿತಜ್ಞ ಮಹಾವೀರಾಚಾರ್ಯನು ಕೊಟ್ಟಿದ್ದಾನೆ. ಅವನ ಕಾಲದಲ್ಲಿ ಆಳುತ್ತಿದ್ದ ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಅಂದರೆ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ, ಎಂದು ಹೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು.

ಐದನೇ ತರಗತಿಯಲ್ಲಿ ದಶಮಾಂಶ ಶುರುವಾದಾಗ ಒಬ್ಬ ಹುಡುಗಿ ಮನೆಯಿಂದ ಪಹಣಿಯ ಪ್ರತಿಯನ್ನು ತಂದಿದ್ದಳು. ಅದರಲ್ಲಿ ವಿಸ್ತೀರ್ಣ 2.20 ಎಂದಿತ್ತು, ಅವಳ ಅಪ್ಪ ಅದನ್ನು ಎರಡೂವರೆ ಎಕರೆ ಎನ್ನುತ್ತಾರೆ, ನಾನು ಎರಡೂವರೆ ಎಂದರೆ 2.50 ಎಂದು ಬರೆಸಿದ್ದೆ. ಅವಳ ಪ್ರಶ್ನೆ ನ್ಯಾಯವಾಗಿತ್ತು. ಎಕರೆಗೆ 40 ಗುಂಟೆ, ಆದ್ದರಿಂದ ಅಲ್ಲಿ ಚುಕ್ಕಿಯ ಮುಂದಿನ 20 ಎಂದರೆ 20/40. ನಮ್ಮ ದಶಮಾಂಶದಲ್ಲಿ 50 ಎಂದರೆ 50/100. ಎರಡೂ ಅರ್ಧವೇ, ಛೇದ ಮಾತ್ರ ಬೇರೆ. ಮರುದಿನ ಇನ್ನೂ ನಾಲ್ವರು ತಮ್ಮ ಮನೆಯ ಪಹಣಿಗಳನ್ನು ತಂದರು. ಆ ವಾರದ ಲೆಕ್ಕಗಳನ್ನೆಲ್ಲ ನಾವು ಅವುಗಳಿಂದಲೇ ಮಾಡಿದೆವು.