ಎಲೆ ಬಿದ್ದಿತ್ತು, ಅಳತೆ ಇಲ್ಲ

ಜುಲೈ 13, 2025, ರವಿವಾರ
ಶಿರಸಿ

ರಾತ್ರಿ ಇಡೀ ಮಳೆ. ಹಂಚಿನ ಮೇಲೆ ಹೊಡೆಯುವ ಸದ್ದಿಗೆ ಎರಡು ಸಲ ಎಚ್ಚರವಾಯಿತು. ಬೆಳಿಗ್ಗೆ ಎಂಟರ ಹೊತ್ತಿಗೆ ಸ್ವಲ್ಪ ಹೊಳವಾಯಿತು. ಅತ್ತೆ ಎಂದಿನಂತೆ ಕೊಪ್ಪೆ ಹಾಕಿಕೊಂಡು ಎಂಟೂವರೆಗೆ ಸರಿಯಾಗಿ ಮಳೆ ಅಳೆಯಲು ಹೊರಟರು. ಹಿಂದೆ ಮಗ.

ಅಂಗಳದ ಆಚೆ, ತೋಟಕ್ಕೆ ಇಳಿಯುವ ದಾರಿಯ ಪಕ್ಕ ನಮ್ಮ ಮಳೆ ಮಾಪಕ ಇದೆ. ಒಂದು ಡಬ್ಬಿ, ಅದರ ಬಾಯಿಗೆ ಆಲಿಕೆ, ಪಕ್ಕದಲ್ಲಿ ಗೆರೆ ಹಾಕಿದ ಗಾಜಿನ ಜಾಡಿ. ಅಷ್ಟೇ. ಡಬ್ಬಿಯ ನೀರನ್ನು ಜಾಡಿಗೆ ಸುರಿಯುವುದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದುವುದು, ಒಳಗೆ ಬಂದು ಬರೆಯುವುದು. 1989ರಿಂದ ಅತ್ತೆ ಇದನ್ನು ಮಾಡುತ್ತಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಇಂಚು, ಈಚೆಗೆ ಮಿಲಿಮೀಟರ್. ಹವಾಮಾನ ಇಲಾಖೆಯವರೂ ಬೆಳಿಗ್ಗೆ ಎಂಟೂವರೆಗೇ ಅಳೆಯುತ್ತಾರೆ ಅಂತ ಯಾರೋ ಹೇಳಿದ ಮೇಲೆ ಅತ್ತೆಯ ಸಮಯವೂ ಅದೇ ಆಯಿತು.

ಇವತ್ತು ಜಾಡಿಯಲ್ಲಿ ಬಂದದ್ದು 31 ಮಿಲಿಮೀಟರ್.

ಅಷ್ಟು ಮಳೆಗೆ ಬರೀ 31? ಅತ್ತೆ ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಬಗ್ಗಿ ಆಲಿಕೆ ನೋಡಿದರು. ಹಲಸಿನ ಎಲೆಯೊಂದು ಒದ್ದೆಯಾಗಿ ಆಲಿಕೆಯ ಬಾಯಿಗೆ ಅಂಟಿಕೊಂಡಿತ್ತು, ಮುಚ್ಚಳ ಹಾಕಿದ ಹಾಗೆ. ನೀರೆಲ್ಲ ಅದರ ಮೇಲಿಂದ ಹೊರಗೆ ಹರಿದು ಹೋಗಿದೆ. ಎಲೆ ತೆಗೆದರೆ ಅಡಿಯಲ್ಲಿ ಒಂದು ಸಣ್ಣ ಉಂಬಳ.

ಪಕ್ಕದಲ್ಲೇ, ಬಯಲಿನಲ್ಲಿ ಮರೆತು ಬಿಟ್ಟ ಬಕೆಟ್ ಅರ್ಧ ತುಂಬಿತ್ತು. ಮಗ ಅದನ್ನು ತೋರಿಸಿ, "ಅಜ್ಜೀ, ನೂರೈವತ್ತು ಅಂತ ಬರಿ. ಇದನ್ನ ನೋಡಿದ್ರೆ ಗೊತ್ತಾಗ್ತದಲ್ಲ" ಅಂದ.

"ಅಳೀದೇ ಇದ್ದದ್ದನ್ನ ಬರೀಲಿಕ್ಕೆ ಇದೆಂತ ಕತೆ ಪುಸ್ತಕನಾ ತಮಾ?" ಅಂದರು ಅತ್ತೆ. ಬಕೆಟ್‌ನ ಬಾಯಿ ಅಗಲ, ಬುಡ ಸಣ್ಣ. ಬಾಯಿಗೆ ಬಿದ್ದ ನೀರು ಬುಡದಲ್ಲಿ ಎತ್ತರವಾಗಿ ನಿಲ್ಲುತ್ತದೆ. ಅದು ಮಳೆಯ ಅಳತೆ ಅಲ್ಲ. ಇಷ್ಟನ್ನು ಅವನಿಗೆ ತಿಳಿಸಿ ಹೇಳಿ, ಒಳಗೆ ಬಂದು ಬರೆದರು: "13. ಎಲೆ ಬಿದ್ದಿತ್ತು. ಅಳತೆ ಇಲ್ಲ."

ಮಗನಿಗೆ ಸಮಾಧಾನವಾಗಲಿಲ್ಲ. ಮುಂದಿನ ವಾರ ಶಾಲೆಯಲ್ಲಿ ರಸಪ್ರಶ್ನೆ ಇದೆ. ಜಗತ್ತಿನ ಅತಿ ದೊಡ್ಡದು, ಅತಿ ಎತ್ತರದ್ದು, ಅತಿ ಆಳದ್ದು ಅಂತ ಮೂರು ದಿನದಿಂದ ಮನೆಯಲ್ಲಿ ಅದೇ ಪಾರಾಯಣ. ವೆನೆಜುವೆಲಾದ ಏಂಜೆಲ್ ಜಲಪಾತ 979 ಮೀಟರ್. ನಮ್ಮ ಜೋಗ 253. ಅಂದರೆ ಹತ್ತಿರ ಹತ್ತಿರ ನಾಲ್ಕು ಜೋಗ ಒಂದರ ಮೇಲೊಂದು. ಇಂಥದ್ದನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳುತ್ತಾನೆ. ಆದರೆ ಮಳೆಯ ದಾಖಲೆಗೆ ಬಂದಾಗ ಮಾತ್ರ ಅತ್ತೆ ತೆಳ್ಳೇವು ಎರೆಯುವುದನ್ನು ನಿಲ್ಲಿಸಿ, "ಎಷ್ಟು ಅಂದೆ? ಇನ್ನೊಂದು ಸಲ ಹೇಳು" ಅಂದರು.

ಚಿರಾಪುಂಜಿಯಲ್ಲಿ 1861ರ ಜುಲೈ ಒಂದೇ ತಿಂಗಳಲ್ಲಿ ಬಿದ್ದ ಮಳೆ 9,300 ಮಿಲಿಮೀಟರ್. 1860ರ ಆಗಸ್ಟ್‌ನಿಂದ ಆ ಜುಲೈವರೆಗೆ, ಹನ್ನೆರಡು ತಿಂಗಳಿಗೆ, 26,461. ಇವತ್ತಿಗೂ ಆ ದಾಖಲೆ ಮುರಿದಿಲ್ಲ. ನಾನು ಲೆಕ್ಕ ಹಾಕಿ ಹೇಳಿದೆ: ಆ ತಿಂಗಳದ್ದು 366 ಇಂಚು, ವರ್ಷದ್ದು ಸಾವಿರದ ನಲವತ್ತು ಇಂಚು ದಾಟುತ್ತದೆ. ನಮ್ಮಲ್ಲಿ ಒಳ್ಳೆ ಮಳೆ ಅಂದರೆ ವರ್ಷಕ್ಕೆ ನೂರು, ನೂರಿಪ್ಪತ್ತು ಇಂಚು. ಆ ಒಂದು ವರ್ಷದ ನೀರು ಬಿದ್ದಲ್ಲೇ ನಿಂತಿದ್ದರೆ ಸುಮಾರು 87 ಅಡಿ. ನಮ್ಮ ತೋಟದ ಹಳೆಯ ಅಡಿಕೆ ಮರಗಳು ಅರವತ್ತು ಅಡಿ ಇದ್ದಾವು. ಅವು ಪೂರ್ತಿ ಮುಳುಗಿ ಮೇಲೆ ಇನ್ನೂ ನೀರು.

ಅತ್ತೆ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು, "ಅಲ್ಲಿ ಅಡಿಕೆ ಉಂಟಾ?"

ಉಂಟು. ಖಾಸಿ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ಅಡಿಕೆ, ವೀಳ್ಯದೆಲೆ ಬೆಳೆಯುತ್ತಾರೆ. ಅಡಿಕೆಗೆ ಅವರು ಕ್ವಾಯ್ ಅನ್ನುತ್ತಾರೆ. ಮನೆಗೆ ಬಂದವರಿಗೆ ಮೊದಲು ಅದನ್ನೇ ಕೊಡುವುದು, ನಮ್ಮಲ್ಲಿ ಕವಳದ ತಬಕು ಮುಂದಿಡುವ ಹಾಗೆಯೇ. ಗದ್ದೆಗೆ ಹೋಗುವಾಗ ಬಿದಿರು ಮತ್ತು ಎಲೆಯಲ್ಲಿ ಹೆಣೆದ ಆಮೆಚಿಪ್ಪಿನಂಥ ಕ್ನೂಪ್ ಹೊತ್ತುಕೊಳ್ಳುತ್ತಾರೆ. ಬಗ್ಗಿ ನಾಟಿ ಮಾಡಿದರೂ ಬೆನ್ನು ಒದ್ದೆಯಾಗುವುದಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿದೆ. "ಗೊರಬೇ ಅಲ್ವಾ ಇದು!" ಅಂದರು. ಮುಖ ಅರಳಿತು. ಎಲ್ಲಿಯ ಶಿರಸಿ, ಎಲ್ಲಿಯ ಮೇಘಾಲಯ. ಜೋರು ಮಳೆಯಲ್ಲಿ ಬಗ್ಗಿ ಕೆಲಸ ಮಾಡುವವರ ಕೈಗೆ ಒಂದೇ ಉಪಾಯ ಹೊಳೆದಿದೆ.

ಮಳೆಯ ಕಾರಣವೂ ಒಂದೇ. ಅರಬ್ಬಿ ಸಮುದ್ರದ ಗಾಳಿ ಕುಮಟಾ ದಾಟಿ ದೇವಿಮನೆ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುತ್ತದೆ, ತಣ್ಣಗಾಗುತ್ತದೆ, ಸುರಿಯುತ್ತದೆ. ಅದೇ ಗಾಳಿ ಮುಂಡಗೋಡ ಕಡೆಗೆ ಹೋಗುವಷ್ಟರಲ್ಲಿ ಅರ್ಧ ಬರಿದಾಗಿರುತ್ತದೆ. ಮೇಘಾಲಯದಲ್ಲಿ ಬಂಗಾಳ ಕೊಲ್ಲಿಯ ಗಾಳಿ ಬಾಂಗ್ಲಾದೇಶದ ಸಪಾಟು ನೆಲದ ಮೇಲೆ ಅಡೆತಡೆ ಇಲ್ಲದೆ ಬಂದು, ಒಮ್ಮೆಗೇ ಗೋಡೆಯ ಹಾಗೆ ಎದ್ದು ನಿಂತ ಖಾಸಿ ಬೆಟ್ಟಕ್ಕೆ ಬಡಿಯುತ್ತದೆ. ಸರಾಸರಿ ಮಳೆಯಲ್ಲಿ ಈಗ ಮೊದಲ ಹೆಸರು ಚಿರಾಪುಂಜಿಯ ಪಕ್ಕದ ಮಾಸಿನ್‌ರಾಮ್‌ನದು, ವರ್ಷಕ್ಕೆ ಸುಮಾರು 11,870 ಮಿಲಿಮೀಟರ್. ಇಷ್ಟಾಗಿಯೂ ಚಿರಾಪುಂಜಿಯಲ್ಲಿ ಚಳಿಗಾಲ ಬಂತೆಂದರೆ ಕುಡಿಯುವ ನೀರಿಗೆ ಹೆಂಗಸರು ದೂರ ನಡೆಯಬೇಕು. ಇಳಿಜಾರು, ಕಾಡು ಹೋದ ಬೋಳು ನೆಲ, ಬಿದ್ದ ನೀರೆಲ್ಲ ಕೆಳಗೆ ಓಡುತ್ತದೆ. ಇದನ್ನು ಓದಿದಾಗ ನನಗೆ ನಿಜವಾಗಿ ಹೊಟ್ಟೆ ಕಿವುಚಿತು. ನಮ್ಮ ಬಾವಿಯೂ ಹೋದ ಏಪ್ರಿಲ್‌ನಲ್ಲಿ ತಳ ಕಂಡಿತ್ತು.

ಒಂದೇ ದಿನದ ದಾಖಲೆ ಮಾತ್ರ ಭಾರತದ್ದಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ್ದು. 1966ರ ಜನವರಿ 7 ಮತ್ತು 8ರ ನಡುವೆ ಡೆನಿಸ್ ಚಂಡಮಾರುತ ಬಂದಾಗ, ಅಲ್ಲಿನ ಫೋಕ್-ಫೋಕ್ ಎಂಬಲ್ಲಿ 24 ಗಂಟೆಯಲ್ಲಿ 1,825 ಮಿಲಿಮೀಟರ್ ಬಿತ್ತು. 72 ಇಂಚು. ಅತ್ತೆಯ ಪುಸ್ತಕದಲ್ಲಿ ಒಂದು ದಿನದ ಅತಿ ದೊಡ್ಡ ಅಂಕಿ ಎಂಟೂವರೆ ಇಂಚು. ಆ ದಿನ ಕಾಲುಸಂಕ ಕೊಚ್ಚಿ ಹೋಗಿತ್ತು ಅಂತ ಅಂಚಿನಲ್ಲಿ ಬರೆದಿದ್ದಾರೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇದಕ್ಕೆ ತದ್ವಿರುದ್ಧದ ಊರು. ಚಿಲಿ ದೇಶದ ಅರಿಕಾ. ಕಾರವಾರದ ಹಾಗೇ ಸಮುದ್ರದ ದಂಡೆಯ ಊರು, ಬಂದರು, ಅಲೆ, ಮೀನು ಎಲ್ಲ ಇದೆ. ಮಳೆ ಇಲ್ಲ. 1903ರ ಅಕ್ಟೋಬರ್‌ನಿಂದ 1918ರ ಜನವರಿವರೆಗೆ ಅಲ್ಲಿ ಒಂದು ಹನಿ ಬೀಳಲಿಲ್ಲ. 173 ತಿಂಗಳು! ಆ ಕರಾವಳಿಯಲ್ಲಿ ಹರಿಯುವ ಹಂಬೋಲ್ಟ್ ಪ್ರವಾಹದ ನೀರು ತಣ್ಣಗೆ. ಅದರ ಮೇಲಿನ ಗಾಳಿಯೂ ತಣ್ಣಗೆ, ಹಾಗಾಗಿ ಮೇಲೇರುವುದಿಲ್ಲ. ಏರದ ಗಾಳಿ ಮಳೆ ಕೊಡುವುದಿಲ್ಲ. ಪೂರ್ವದಿಂದ ಬರುವ ತೇವವನ್ನು ಆಂಡಿಸ್ ಪರ್ವತ ತಡೆದುಬಿಡುತ್ತದೆ. ಮಂಜು ಮಾತ್ರ ಬರುತ್ತದೆ. ಉತ್ತರ ಚಿಲಿಯ ಗುಡ್ಡಗಳಲ್ಲಿ ದೊಡ್ಡ ಬಲೆ ಕಟ್ಟಿ ಆ ಮಂಜಿನಿಂದಲೇ ನೀರು ಹಿಡಿದ ಊರುಗಳಿವೆ.

ಮಗ ಕೇಳಿದ, "ಹದಿನಾಲ್ಕು ವರ್ಷ ಮಳೆಯೇ ಇಲ್ಲದಿದ್ರೆ ದಿನಾ ಯಾಕೆ ಹೋಗಿ ನೋಡೋದು?"

ಒಳ್ಳೆ ಪ್ರಶ್ನೆ. ನೋಡದೆ ಬಿಟ್ಟಿದ್ದರೆ ಮಳೆ ಬರಲಿಲ್ಲ ಅನ್ನುವುದೂ ಗೊತ್ತಾಗುತ್ತಿರಲಿಲ್ಲ ಅಲ್ವಾ?

ಆಮೇಲೆ ಅವನಿಗೆ ಲಿಬಿಯಾದ ಕತೆ ಹೇಳಿದೆ. ನಾನು ಶಾಲೆಯಲ್ಲಿದ್ದಾಗ ಜಗತ್ತಿನ ಅತಿ ಹೆಚ್ಚು ಬಿಸಿಲಿನ ಜಾಗ ಅಲ್ ಅಜೀಜಿಯಾ ಅಂತ ಬಾಯಿಪಾಠ ಮಾಡಿದ್ದೆ. 1922ರ ಸೆಪ್ಟೆಂಬರ್ 13ರಂದು 58 ಡಿಗ್ರಿ. ತೊಂಬತ್ತು ವರ್ಷ ಪುಸ್ತಕಗಳಲ್ಲಿ ಅದೇ ಇತ್ತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಹಳೆಯ ಕಡತ ತೆಗೆಸಿ ನೋಡಿ ಆ ದಾಖಲೆಯನ್ನು ತಳ್ಳಿಹಾಕಿತು. ಆಗ ಅಲ್ಲಿ ಅಳೆಯುತ್ತಿದ್ದವರು ಹೊಸಬರು, ಉಪಕರಣ ಹಳೆಯದು. ಓದುವಾಗ ಸುಮಾರು ಏಳು ಡಿಗ್ರಿ ತಪ್ಪಿರಬೇಕು ಅಂತ ತೀರ್ಮಾನ. ಈಗಿನ ದಾಖಲೆ ಅಮೆರಿಕದ ಡೆತ್ ವ್ಯಾಲಿಯದು, 56.7 ಡಿಗ್ರಿ, 1913ರ ಜುಲೈ 10. ಭೂಮಿಯ ಮೇಲೆ ಅಳೆದ ಅತಿ ಹೆಚ್ಚು ಚಳಿ ಅಂಟಾರ್ಟಿಕದ ವೋಸ್ಟಾಕ್‌ನಲ್ಲಿ, ಸೊನ್ನೆಗಿಂತ 89.2 ಡಿಗ್ರಿ ಕೆಳಗೆ, 1983ರ ಜುಲೈ 21. ಚಿರಾಪುಂಜಿಯ ತಿಂಗಳೂ ಜುಲೈಯೇ.

ಅವನು ರಸಪ್ರಶ್ನೆ ಪುಸ್ತಕ ತಿರುವಿ ನೋಡಿದ. ಅದರಲ್ಲಿ ಇನ್ನೂ ಅಜೀಜಿಯಾ ಅಂತಲೇ ಇದೆ! ಪೆನ್ಸಿಲ್‌ನಲ್ಲಿ ಗೀಟು ಹೊಡೆದು ಪಕ್ಕದಲ್ಲಿ ಡೆತ್ ವ್ಯಾಲಿ ಅಂತ ಬರೆದ. ಶಾಲೆಯಲ್ಲಿ ಹಳೆಯ ಉತ್ತರಕ್ಕೇ ಅಂಕ ಕೊಟ್ಟರೆ ಏನು ಮಾಡುವುದು ಅಂತ ಸ್ವಲ್ಪ ಹೊತ್ತು ಚಿಂತೆ. ನೀನು ಸರಿಯಾದದ್ದೇ ಹೇಳು ಅಂದೆ.

ನಮ್ಮ ಮನೆಯಲ್ಲಿ ಈ ಅಳತೆ ದಾಖಲೆಗಾಗಿ ಅಲ್ಲ. ಸತತ ಮಳೆ ಹಿಡಿದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ. ಎರಡನೇ ಸಲ ಬೋರ್ಡೋ ದ್ರಾವಣದ ಔಷಧಿ ಹೊಡೆಸಬೇಕು. ಮರ ಜಾರುವಾಗ ಅಡಿಕೆ ಮರ ಹತ್ತುವ ಕೊನೆಗೌಡ ಹತ್ತುವಂತಿಲ್ಲ, ಹೊಳವು ನೋಡಿ ಕರೆಯಬೇಕು. ಯಾವ ವರ್ಷ ಎಷ್ಟು ಬಿದ್ದಾಗ ಕೊಳೆ ಶುರುವಾಯಿತು ಅನ್ನುವುದಕ್ಕೆ ಅತ್ತೆಯ ಪುಸ್ತಕವೇ ಆಧಾರ. ಅಂದಾಜಿಗೆ ಬರೆದ ಅಂಕಿ ಒಂದು ಸೇರಿದರೂ ಮುಂದೆ ಅದನ್ನು ನಂಬಿ ತಪ್ಪುತ್ತೇವೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಹಳೆಯ ಪುಸ್ತಕಗಳನ್ನೆಲ್ಲ ಜಗುಲಿಗೆ ತರಿಸಿದರು. ಮಗ ಒಂದೊಂದೇ ಪುಟ ನೋಡುತ್ತಾ ಅಂಕಿ ಇಲ್ಲದ ದಿನಗಳನ್ನು ಹುಡುಕಿದ. "ಮದುವೆಗೆ ಹೋಗಿದ್ದೆ, ಅಳತೆ ಇಲ್ಲ." "ಡಬ್ಬಿ ಮಂಗ ಕೆಡವಿದೆ." "ಜ್ವರ." ಮೂವತ್ತಾರು ವರ್ಷದಲ್ಲಿ ಅಂಥವು ಇಪ್ಪತ್ತೇಳು ಸಿಕ್ಕವು. ಇವತ್ತಿನದು ಸೇರಿ ಇಪ್ಪತ್ತೆಂಟು.

ಮೂರು ಗಂಟೆಗೆ ಮಳೆ ಸ್ವಲ್ಪ ಬಿಟ್ಟಾಗ ನಮ್ಮವರು ಕತ್ತಿ ತಗೊಂಡು ಹೋಗಿ ಮಾಪಕದ ಕಡೆ ಚಾಚಿದ್ದ ಹಲಸಿನ ಟೊಂಗೆ ಕಡಿದು ಬಂದರು. ಈಗ ರಾತ್ರಿ ಒಂಬತ್ತೂವರೆ. ಮತ್ತೆ ಶುರುವಾಗಿದೆ. ಮಗ ಎರಡು ಸಲ ಬ್ಯಾಟರಿ ಹಿಡಿದು ಜಗುಲಿಯ ತುದಿಯಿಂದ ಬೆಳಕು ಬಿಟ್ಟು ನೋಡಿದ. ಆಲಿಕೆಯ ಮೇಲೆ ಏನೂ ಬಿದ್ದಿಲ್ಲವಂತೆ.