ತಾರಸಿಯ ತೋಟದಲ್ಲಿ ಗಿಡಕ್ಕಿಂತ ಮೊದಲು ಮಣ್ಣು

ವಿಜಯಪುರದಲ್ಲಿ ಹಸಿರು ತಾರಸಿ ಮಾಡಿಸಲು ಬರುವವರು ಸಾಮಾನ್ಯವಾಗಿ ಗಿಡಗಳ ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ಅದರಲ್ಲಿ ಹುಲ್ಲುಹಾಸಂತೂ ಇದ್ದೇ ಇರುತ್ತದೆ. ಈ ಕೆಲಸ ನನಗೆ ಕಲಿಸಿದ ಕ್ರಮ ಬೇರೆ. ಚಾವಣಿ ಹೊರಬಲ್ಲ ಭಾರವನ್ನು ನೋಡಿ ಮಣ್ಣನ್ನು, ಆ ಮಣ್ಣಿನ ದಪ್ಪವನ್ನು ನೋಡಿ ಗಿಡವನ್ನು ಆರಿಸಬೇಕು.

ಜನ ಓಡಾಡುವ ತಾರಸಿಗೆ ವಿನ್ಯಾಸದಲ್ಲಿ ಸಾಮಾನ್ಯವಾಗಿ ಹಿಡಿಯುವ ಚರಭಾರ (ಜನರಂತೆ ಬಂದು ಹೋಗುವ ಭಾರ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ನೀರು ಕುಡಿದ ಎರೆಮಣ್ಣನ್ನು 10 ಸೆಂ.ಮೀ. ಹರಡಿದರೆ ಅದೊಂದೇ 180 ಕಿಲೋ ಆಸುಪಾಸು ತೂಗುತ್ತದೆ, ಅದೂ ಸದಾ ಅಲ್ಲಿಯೇ ಇರುವ ಭಾರ. ಆದ್ದರಿಂದ ಕಟ್ಟಡದ ಎಂಜಿನಿಯರ್ ಲೆಕ್ಕ ಹಾಕಿ ಒಪ್ಪದೆ ನಾನು ಒಂದು ಬುಟ್ಟಿ ಮಣ್ಣನ್ನೂ ಮೇಲೇರಿಸುವುದಿಲ್ಲ. ‘ಹಿಂದೆ ಮಾಳಿಗೆ ಮನೆಗಳ ಮೇಲೆ ಮಣ್ಣು ಇರಲಿಲ್ಲವೇ’ ಎಂದು ಹಿರಿಯರು ಕೇಳುವುದುಂಟು. ಇತ್ತು, ಆದರೆ ಆ ಮಣ್ಣನ್ನು ಬಡಿದು ಗಟ್ಟಿ ಮಾಡುತ್ತಿದ್ದುದು ನೀರು ಇಳಿಯಬಾರದೆಂದು. ತೋಟದ ಮಣ್ಣಿನಲ್ಲಿ ನೀರು ಸರಾಗವಾಗಿ ಇಳಿದು ಹೊರಹೋಗಬೇಕು. ಹಸಿಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣು ಆ ಕೆಲಸಕ್ಕೆ ಒಗ್ಗುವುದಿಲ್ಲ.

ಅಂಗಡಿಯವರು ‘ಹಗುರ’ ಎಂದು ಹೇಳುವುದು ಒಣ ತೂಕವನ್ನು. ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುವುದರಿಂದ ಆ ಮಾತಿಗೆ ಬೆಲೆ ಕೊಡಲಾಗದು. ನನ್ನ ಪರೀಕ್ಷೆ ಸರಳವಾದುದು: ತಳಕ್ಕೆ ತೂತು ಮಾಡಿದ 10 ಲೀಟರ್ ಬಕೆಟ್ಟಿನಲ್ಲಿ ಮಿಶ್ರಣವನ್ನು ತುಂಬಿ, ಪೂರ್ತಿ ನೆನೆಸಿ, ಹೆಚ್ಚಿನ ನೀರು ಬಸಿದ ಮೇಲೆ ತೂಗುವುದು. ಅಷ್ಟು ಮಿಶ್ರಣ ಒಂದು ಚದರ ಮೀಟರಿನಲ್ಲಿ 1 ಸೆಂ.ಮೀ. ದಪ್ಪಕ್ಕೆ ಹರಡುವುದರಿಂದ, ಬಂದ ತೂಕವನ್ನು ಬೇಕಾದ ದಪ್ಪದಿಂದ ಗುಣಿಸಿದರೆ ಚಾವಣಿಯ ಮೇಲೆ ಬೀಳುವ ಮಣ್ಣಿನ ಭಾರ ತಿಳಿಯುತ್ತದೆ. ಮುಕ್ಕಾಲು ಪಾಲು ಇಟ್ಟಿಗೆ ಚೂರು (ಜರಡಿ ಹಿಡಿದು ಪುಡಿ ತೆಗೆದದ್ದು), ಉಳಿದದ್ದು ನಾರಿನ ಪುಡಿ ಮತ್ತು ಎರೆಹುಳು ಗೊಬ್ಬರ, ಇದು ನಾನು ಹೆಚ್ಚಾಗಿ ಬಳಸುವ ಮಿಶ್ರಣ. ಗೊಬ್ಬರ ಹೆಚ್ಚಾದರೆ ಅದು ಕಳಿತಂತೆ ಮಣ್ಣಿನ ಮಟ್ಟ ಕುಸಿಯುತ್ತದೆ.

ಯುರೋಪಿನ ಹಸಿರು ತಾರಸಿಗಳಲ್ಲಿ ಹೆಸರಾದ ಸೀಡಮ್ (ನೀರು ತುಂಬಿದ ದಪ್ಪ ಎಲೆಯ ಗಿಡ) ಜಾತಿಗಳಲ್ಲಿ ಹಲವು ತಂಪು ರಾತ್ರಿಗಳಿಗೆ ಒಗ್ಗಿದವು; 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ನಾನು ಅವನ್ನು ಸೂಚಿಸುವುದಿಲ್ಲ. ತೆಳು ಮಣ್ಣಿಗೆ ಪೋರ್ಚುಲಾಕ, ಲೋಳೆಸರ, ದೊಡ್ಡಪತ್ರೆ ಸಾಕು. ಹುಲ್ಲುಹಾಸಿಗೆ ಬೇಸಿಗೆಯಿಡೀ ನೀರುಣಿಸಬೇಕಾಗುತ್ತದೆ, ಆ ನೀರು ಕೊಳವೆಬಾವಿಯ ಸವಳು ನೀರಾದರೆ ತೆಳು ಮಣ್ಣಿನಲ್ಲಿ ಉಪ್ಪು ಬೇಗ ಸೇರಿಕೊಳ್ಳುತ್ತದೆ. ಮುಂಗಾರಿನ ಆರಂಭದಲ್ಲಿ ನೆಟ್ಟರೆ ಸೆಪ್ಟೆಂಬರಿನ ದೊಡ್ಡ ಮಳೆಯ ಹೊತ್ತಿಗೆ ಬೇರು ಹಿಡಿದಿರುತ್ತದೆ. ಹಕ್ಕಿಗಳು ತಂದು ಬಿಡುವ ಅರಳಿ, ಆಲದ ಸಸಿಗಳನ್ನು ಮಾತ್ರ ಬೆರಳುದ್ದ ಇರುವಾಗಲೇ ಬೇರುಸಹಿತ ಕೀಳಲು ಮನೆಯವರಿಗೆ ಮೊದಲೇ ತೋರಿಸಿಕೊಟ್ಟಿರಬೇಕು.