ನೀಲಿ ಡ್ರಮ್ಮಿನೊಳಗಿನ ಟೊಮೆಟೊ

ಕೋಲಾರ
17 ನವೆಂಬರ್ 2024, ಭಾನುವಾರ

ಸಾವಿರ ಅಡಿ ಕೊರೆಸಿದರೂ ಕೊಳವೆಬಾವಿಯಲ್ಲಿ ನೀರು ಬರುವುದೋ ಇಲ್ಲವೋ ಎಂದು ತೆಂಗಿನಕಾಯಿ ಒಡೆದು ಕಾಯುವ ಊರಿನಲ್ಲಿ ಕುಳಿತು, ನೀರೊಳಗೆ ಚಿತ್ರ ತೆಗೆಯುವ ಕ್ಯಾಮೆರಾ ಹುಡುಕುತ್ತಿದ್ದೇನೆಂದರೆ ಮನೆಯವರು ನಗುವುದು ಸಹಜವೇ. ಜನವರಿಯಲ್ಲಿ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿ ಮುಳುಗುವುದೆಂದು ನಿಶ್ಚಯವಾಗಿದೆ. ಕ್ಯಾಮೆರಾಕ್ಕೆಂದು ಎತ್ತಿಟ್ಟಿರುವ ಹಣ 40,000 ರೂಪಾಯಿ.

ಫೋನಿಗೇ ಐಪಿ68 ಎಂಬ, ನೀರು-ಧೂಳು ತಡೆಯುವ ಮುದ್ರೆ ಇರುವಾಗ ಇದೆಲ್ಲ ಏಕೆ ಎಂದು ತಮ್ಮ ಕೇಳಿದ. ಆ ಮುದ್ರೆ ತಯಾರಕರೇ ಗೊತ್ತುಮಾಡಿದ ಆಳ ಮತ್ತು ಅವಧಿಗೆ, ನಿಂತ ಸಿಹಿನೀರಿನಲ್ಲಿ ನಡೆಸಿದ ಪರೀಕ್ಷೆಗೆ ಸಂಬಂಧಿಸಿದ್ದು. ಸಮುದ್ರದ ಉಪ್ಪುನೀರಿಗೆ ಅದು ಕೊಟ್ಟ ಮಾತಲ್ಲ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲ್ಮೈಯಲ್ಲಿದ್ದುದರ ಎರಡರಷ್ಟಾಗುತ್ತದೆ. ಅಗ್ಗದ ಪ್ಲಾಸ್ಟಿಕ್ ಚೀಲವೊಂದನ್ನು ನಂಬಿ ಹಳೆಯ ಕ್ಯಾಮೆರಾವೊಂದನ್ನು ಈಗಾಗಲೇ ಕಳೆದುಕೊಂಡಿರುವ ನನಗೆ ಆ ಧೈರ್ಯ ಮತ್ತೆ ಬರಲಿಲ್ಲ.

ಮೊದಲು ಮನಸ್ಸು ಹರಿದದ್ದು ಗೋಪ್ರೋ ಎಂಬ ಪುಟ್ಟ ಸಾಹಸ-ಕ್ಯಾಮೆರಾದ ಕಡೆಗೆ. ಕವಚವಿಲ್ಲದೆ 10 ಮೀಟರ್, ಪ್ರತ್ಯೇಕ ಕವಚ ಹಾಕಿದರೆ 60 ಮೀಟರ್ ತಾಳುತ್ತದೆ, ವಿಡಿಯೊ ಸೊಗಸಾಗಿ ಬರುತ್ತದೆ. ಆದರೆ ಅದರ ಮಸೂರ ದೂರದ ಅಗಲ ನೋಟಕ್ಕೆ ಹೇಳಿಮಾಡಿಸಿದ್ದು. ಬಂಡೆಯ ಸಂದಿಯಲ್ಲಿ ಕುಳಿತ ಬೆರಳುದ್ದದ ಜೀವಿಯನ್ನು ಹತ್ತಿರದಿಂದ ಹಿಡಿಯಹೋದರೆ ಮಸುಕಾಗುತ್ತದೆ, ಮತ್ತು ನನಗೆ ಬೇಕಾಗಿರುವುದು ಆ ಬೆರಳುದ್ದದ ಜೀವಿಯೇ. ಹಾಗಾಗಿ ಬೆಂಗಳೂರಿನ ಪರಿಚಿತರೊಬ್ಬರು ಮಾರಲಿಟ್ಟಿರುವ, 2019ರಲ್ಲಿ ಬಂದ ಒಲಿಂಪಸ್ ಟಿಜಿ-6 ಅನ್ನು ಎರಡು ದಿನದ ಮಟ್ಟಿಗೆ ಕೇಳಿ ತಂದಿದ್ದೇನೆ. ಕೇವಲ 12 ಮೆಗಾಪಿಕ್ಸೆಲ್ಲಿನ ಪುಟ್ಟ ಸಂವೇದಕ ಎಂದು ಮೂಗು ಮುರಿಯುವವರಿದ್ದಾರೆ. ಮಸೂರದಿಂದ ಒಂದೇ ಸೆಂಟಿಮೀಟರ್ ದೂರದ ವಸ್ತುವನ್ನೂ ಅದು ಸ್ಪಷ್ಟವಾಗಿ ಹಿಡಿಯುತ್ತದೆಂಬುದು, ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಲು ಅನುಕೂಲವಾಗುವ ರಾ (ಸಂಸ್ಕರಿಸದ) ಕಡತ ಕೊಡುತ್ತದೆಂಬುದು ನನಗೆ ಮೆಗಾಪಿಕ್ಸೆಲ್ಲಿಗಿಂತ ದೊಡ್ಡ ಮಾತು.

ಈ ಬೆಳಿಗ್ಗೆ ಹಿತ್ತಲಿನ ನೀಲಿ ಡ್ರಮ್ಮಿಗೆ ನೀರು ತುಂಬಿಸಿ, ಮಾರುಕಟ್ಟೆಯಿಂದ ತಂದ ಟೊಮೆಟೊವೊಂದನ್ನು ಕಲ್ಲಿಗೆ ಕಟ್ಟಿ ಇಳಿಬಿಟ್ಟೆ. (ಕೋಲಾರದಲ್ಲಿ ಕೆಂಪು ಬಣ್ಣದ ಪರೀಕ್ಷೆಗೆ ಬೇರೇನು ಹುಡುಕಬೇಕು?) ಫ್ಲ್ಯಾಶ್ ಹಾಕಿ ತೆಗೆದ ಮೊದಲ ಚಿತ್ರದಲ್ಲಿ ಹಣ್ಣಿನ ಮುಂದೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಚುಕ್ಕೆಗಳು: ಬೆಳಕು ಮಸೂರದ ಪಕ್ಕದಿಂದಲೇ ಹೊರಟು ನೀರಿನಲ್ಲಿ ತೇಲುವ ಕಣಗಳಿಗೆ ತಗುಲಿ ನೇರ ಹಿಂದಿರುಗಿದ್ದರ ಫಲ. ಫ್ಲ್ಯಾಶ್ ಆರಿಸಿ, ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದಾಗ ಚುಕ್ಕೆಗಳು ಬಹುಪಾಲು ಮಾಯವಾದವು, ತೊಟ್ಟಿನ ರೋಮಗಳೂ ಎಣಿಸುವಂತೆ ಕಂಡವು.

ಡ್ರಮ್ಮು ಹೇಳದ ಸಂಗತಿಯೂ ಒಂದಿದೆ. ಮೂರು ಅಡಿ ನೀರಿನಲ್ಲಿ ಕೆಂಪಾಗಿಯೇ ಉಳಿದ ಹಣ್ಣು ಸಮುದ್ರದಲ್ಲಿ ಐದಾರು ಮೀಟರ್ ಇಳಿಯುವಷ್ಟರಲ್ಲಿ ಕಂದುಬೂದು ಬಣ್ಣಕ್ಕೆ ತಿರುಗುತ್ತದೆ, ಏಕೆಂದರೆ ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನು ನುಂಗುತ್ತದೆ. ಕೆಳಗೆ ಇಳಿದ ದಾರಿಯಷ್ಟೇ ಅಲ್ಲ, ವಸ್ತುವಿನಿಂದ ಕ್ಯಾಮೆರಾದವರೆಗಿನ ಅಡ್ಡದಾರಿಯೂ ಈ ಲೆಕ್ಕಕ್ಕೆ ಸೇರುತ್ತದೆ. ಹತ್ತಿರದಿಂದ ಬೆಳಕು ಬಿಟ್ಟರಷ್ಟೇ ಕೆಂಪು ಮರಳುತ್ತದೆ; ಹೀಗಾಗಿ ಉಳಿದ ಹಣ ಒಳ್ಳೆಯ ಟಾರ್ಚಿಗೇ ಹೋಗಬೇಕು ಎಂದು ಬೆಳಿಗ್ಗೆ ಅಂದುಕೊಂಡಿದ್ದೆ.

ಸಂಜೆಗೆ ಮನಸ್ಸು ಬದಲಾಯಿತು. ಈ ಕ್ಯಾಮೆರಾ ಬರಿಮೈಯಲ್ಲಿ 15 ಮೀಟರ್ ತಾಳುತ್ತದೆ. ಮೊದಲ ಬಾರಿ ಮುಳುಗುವವರನ್ನು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲವಾದ್ದರಿಂದ ಕಾಗದದ ಮೇಲೆ ಮೂರು ಮೀಟರ್ ಉಳಿತಾಯವಿದೆ. ಆದರೆ ಅದು ಹೊಸ ಕ್ಯಾಮೆರಾದ ಲೆಕ್ಕ. ಬ್ಯಾಟರಿ ಬಾಗಿಲು ತೆರೆದು ನೋಡಿದಾಗ ರಬ್ಬರ್ ಅಂಚಿನಲ್ಲಿ ಒಂದು ಕೂದಲೆಳೆ ಅಂಟಿಕೊಂಡಿತ್ತು, ಮತ್ತು ಅಷ್ಟು ಸಾಕು ಒಳಗೆ ನೀರು ನುಗ್ಗುವುದಕ್ಕೆ. ಈ ಕ್ಯಾಮೆರಾಕ್ಕೆಂದೇ ಮಾಡಿದ, 45 ಮೀಟರ್ ತಾಳುವ ಪಿಟಿ-059 ಕವಚ ಹಳೆಯದಾದರೂ ಸಿಗುವುದೇ ಎಂದು ಮಾರುವವರನ್ನೇ ನಾಳೆ ಕೇಳುತ್ತೇನೆ. ಸಿಕ್ಕರೆ ಮೊದಲ ದಿನ ಕ್ಯಾಮೆರಾ ಇಲ್ಲದೆ ಬರೀ ಒಣ ಕಾಗದವನ್ನಿಟ್ಟು ಅದನ್ನು ಇದೇ ಡ್ರಮ್ಮಿನಲ್ಲಿ ಮುಳುಗಿಸಬೇಕು. ಟಾರ್ಚು ಸದ್ಯಕ್ಕೆ ಮನೆಯದೇ, ನೇತ್ರಾಣಿಗೆ ಬಾಡಿಗೆಯದು.